ಬೀಜ, ನೆಲ ಮತ್ತು ಕಣ್ಣಿನ ಸ್ನಾಯು

ಪ್ರತಿ ಕಣ್ಣುಗುಡ್ಡೆಯನ್ನು ಆರು ಪುಟ್ಟ ಸ್ನಾಯುಗಳು ತಿರುಗಿಸುತ್ತವೆ. ನಾಲ್ಕು ನೇರ, ಎರಡು ಓರೆ. ಇವುಗಳಲ್ಲಿ ಒಂದು ಊದಿಕೊಂಡರೂ ಕಣ್ಣುಗಳ ಹೊಂದಾಣಿಕೆ ತಪ್ಪಿ, ಒಂದು ವಸ್ತು ಎರಡಾಗಿ ಕಾಣಬಹುದು. ಇಂಥ ಊತಕ್ಕೆ ಸಾಮಾನ್ಯ ಕಾರಣ ಥೈರಾಯ್ಡ್ ಸಂಬಂಧಿತ ರೋಗ. ಅಪರೂಪಕ್ಕೆ, ದೂರದ ಅಂಗವೊಂದರ ಕ್ಯಾನ್ಸರ್ ಅಲ್ಲಿಗೆ ಬಂದು ನೆಲೆಸಿರುತ್ತದೆ. ಅಷ್ಟು ದೂರದಿಂದ ಅಲ್ಲಿಗೇ ಏಕೆ?

ಈ ಪ್ರಶ್ನೆಯ ಇತಿಹಾಸ ಹಳೆಯದು. 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರಿನಿಂದ ಮೃತಪಟ್ಟ 735 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ. ಯಕೃತ್ತಿಗೆ ರೋಗ ಹರಡಿದ್ದು 241 ಮಂದಿಯಲ್ಲಿ. ಗುಲ್ಮಕ್ಕೆ ಕೇವಲ 17 ಮಂದಿಯಲ್ಲಿ. ರಕ್ತವಂತೂ ಎರಡಕ್ಕೂ ಧಾರಾಳವಾಗಿ ಹರಿಯುತ್ತದೆ! ಬೀಜ ಎಲ್ಲೆಡೆ ಚೆಲ್ಲಿದರೂ ಹದವಾದ ನೆಲದಲ್ಲಿ ಮಾತ್ರ ಮೊಳೆಯುತ್ತದೆ ಎಂದು ಪ್ಯಾಜೆಟ್ ತರ್ಕಿಸಿದ. ಇಂಥ ವಿಚಾರವನ್ನು ತನಗಿಂತ ಮೊದಲೇ ಮುಂದಿಟ್ಟವನು ಆಸ್ಟ್ರಿಯದ ನೇತ್ರತಜ್ಞ ಅರ್ನ್ಸ್ಟ್ ಫುಕ್ಸ್ ಎಂದೂ ಆತ ನೆನೆದ. 1928ರಲ್ಲಿ ಅಮೆರಿಕದ ಜೇಮ್ಸ್ ಯೂಯಿಂಗ್ ಇದನ್ನು ಒಪ್ಪದೆ, ರಕ್ತನಾಳಗಳ ಜೋಡಣೆಯೇ ಕಾರಣವೆಂದ. ಎರಡರಲ್ಲೂ ಸತ್ಯಾಂಶವಿದೆಯೆಂದು ಇಂದು ತಿಳಿದಿದೆ.

ಇದಕ್ಕೆ ಉತ್ತಮ ಉದಾಹರಣೆ ಕಾರ್ಸಿನಾಯ್ಡ್ ಗಂತಿ. 1907ರಲ್ಲಿ ಜರ್ಮನಿಯ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್ ಸಣ್ಣ ಕರುಳಿನ ಈ ಗಂತಿಗಳಿಗೆ 'ಕ್ಯಾನ್ಸರಿನಂಥದು' ಎಂಬರ್ಥದ ಆ ಹೆಸರಿಟ್ಟ. ಅವು ನಿರಪಾಯಕಾರಿ ಎಂಬುದು ಆಗ ಅವನ ನಂಬಿಕೆ. ಅವು ಹರಡಬಲ್ಲವೆಂದು 1929ರಲ್ಲಿ ತಾನೇ ತಿದ್ದಿಕೊಂಡ. ಕಣ್ಣಿನ ಭಾಗಕ್ಕೆ ಹರಡುವಾಗ, ಶ್ವಾಸಕೋಶದ ಕಾರ್ಸಿನಾಯ್ಡ್ ಹೆಚ್ಚಾಗಿ ಕಣ್ಣುಗುಡ್ಡೆಯ ನಡುಪದರವನ್ನು ಆರಿಸಿಕೊಂಡರೆ, ಕರುಳಿನದು ಕಣ್ಣಿನ ಗೂಡನ್ನು, ಅದರಲ್ಲೂ ಸ್ನಾಯುಗಳನ್ನು ಆರಿಸಿಕೊಳ್ಳುತ್ತದೆ. ಬೀಜ ಬೇರೆಯಾದರೆ ನೆಲವೂ ಬೇರೆ!

1970ರ ದಶಕದಲ್ಲಿ ಸಿ.ಟಿ. ಸ್ಕ್ಯಾನ್ ಬರುವವರೆಗೆ, ಶಸ್ತ್ರಕ್ರಿಯೆಯಿಲ್ಲದೆ ಈ ಸ್ನಾಯುಗಳನ್ನು ಸ್ಪಷ್ಟವಾಗಿ ನೋಡಲು ಸಾಧ್ಯವಿರಲಿಲ್ಲ. ಥೈರಾಯ್ಡ್ ರೋಗದಲ್ಲಿ ಸಾಮಾನ್ಯವಾಗಿ ಹಲವು ಸ್ನಾಯುಗಳು ದಪ್ಪಗಾಗುತ್ತವೆ, ಸ್ನಾಯುರಜ್ಜು ಮಾತ್ರ ತೆಳುವಾಗಿಯೇ ಉಳಿಯುತ್ತದೆ. ಒಂದೇ ಸ್ನಾಯುವಿನಲ್ಲಿ ಗಂಟಿನಂಥ ಊತ ಕಂಡರೆ ಅನುಮಾನಿಸಬೇಕು. ಅಂತಿಮ ತೀರ್ಮಾನ ಅಂಗಾಂಶ ಪರೀಕ್ಷೆಯದು. ಕಾರ್ಸಿನಾಯ್ಡ್ ಜೀವಕೋಶಗಳ ಮೇಲಿನ ಸೊಮಾಟೊಸ್ಟ್ಯಾಟಿನ್ ಗ್ರಾಹಕಗಳಿಗೆ ಅಂಟುವ, ಗ್ಯಾಲಿಯಂ-68 ಹೊತ್ತ ಔಷಧಕ್ಕೆ 2016ರಲ್ಲಿ ಅಮೆರಿಕ ಅನುಮತಿ ನೀಡಿತು. ಅದರ ಸಹಾಯದಿಂದ ಪೆಟ್ ಸ್ಕ್ಯಾನ್ ದೇಹದಲ್ಲಿ ಅಡಗಿದ ಮೂಲ ಗಂತಿಯನ್ನೂ ತೋರಿಸಬಲ್ಲದು.

ಇದು ಬರಿಯ ಕುತೂಹಲದ ವಿಷಯವಲ್ಲ. ಕೆಲವೊಮ್ಮೆ ದೇಹದಲ್ಲಿ ಕ್ಯಾನ್ಸರ್ ಇದೆಯೆಂಬ ಮೊದಲ ಸುಳಿವೇ ಎರಡಾಗಿ ಕಾಣುವ ದೃಷ್ಟಿ. ಅದನ್ನು ಥೈರಾಯ್ಡ್ ಎಂದೇ ಭಾವಿಸಿ ಸುಮ್ಮನಾದರೆ ಚಿಕಿತ್ಸೆಯ ಅಮೂಲ್ಯ ಕಾಲ ಕಳೆದುಹೋಗುತ್ತದೆ.