ಎಡಗೈ, ಬಲಗೈ ಮತ್ತು ಒಂದು ಗುಳಿಗೆ

ಕಿಣ್ವ ಅಂದರೆ ನಮಗೆ ಹೊಸದೇನಲ್ಲ. ಹಾಲು ಮೊಸರಾಗುವುದು, ಉಂಡ ಅನ್ನ ಅರಗುವುದು ಎಲ್ಲ ಕಿಣ್ವಗಳ ಕೆಲಸ. ಆದರೆ ಕಿಣ್ವ ಎಡ-ಬಲ ನೋಡಿ ಕೆಲಸ ಮಾಡುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಆ ಗುಣವನ್ನು ಮನುಷ್ಯ ತನಗೆ ಬೇಕಾದಂತೆ ತಿದ್ದಿಕೊಂಡ ಚರಿತ್ರೆಯನ್ನು ಇಲ್ಲಿ ಹೇಳುತ್ತೇನೆ. ಶುಗರಿನ ಗುಳಿಗೆ ನುಂಗುವವರು ನಮ್ಮಲ್ಲಿ ತುಂಬ ಜನ ಇದ್ದಾರೆ. ಹಾಗಾಗಿ ಇದು ದೂರದ ಕತೆಯಲ್ಲ.

1848ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಟಾರ್ಟಾರಿಕ್ ಆಮ್ಲದ ಒಂದು ಲವಣದ ಹರಳುಗಳನ್ನು ಸೂಕ್ಷ್ಮದರ್ಶಕದಡಿ ನೋಡಿದರು. ನಮ್ಮ ಹುಣಸೆಹುಳಿಯಲ್ಲಿ ಇರುವುದೂ ಈ ಆಮ್ಲವೇ. ಹರಳುಗಳಲ್ಲಿ ಎರಡು ಬಗೆ ಕಂಡವು. ಒಂದು ಇನ್ನೊಂದರ ಕನ್ನಡಿ ಬಿಂಬ, ಎಡಗೈ ಬಲಗೈ ಇದ್ದ ಹಾಗೆ. ಬಲಗಾಲಿನ ಚಪ್ಪಲಿ ಎಡಗಾಲಿಗೆ ಹೊಂದುತ್ತದಾ? ಔಷಧದ ಅಣುವೂ ಹಾಗೆಯೇ, ಒಂದು ಕೈಯದು ಕೂರುವಲ್ಲಿ ಇನ್ನೊಂದು ಸರಿಯಾಗಿ ಕೂರುವುದಿಲ್ಲ. 1894ರಲ್ಲಿ ಜರ್ಮನಿಯ ಎಮಿಲ್ ಫಿಶರ್, ಕಿಣ್ವವೂ ಅದು ಹಿಡಿಯುವ ವಸ್ತುವೂ ಬೀಗ-ಕೀಲಿಕೈ ಇದ್ದಂತೆ ಎಂದರು.

ಕಿಣ್ವವೆಂದರೆ ನೂರಾರು ಅಮೈನೋ ಆಮ್ಲಗಳ ಮಣಿಸರ. ಅದು ಸುರುಟಿಕೊಂಡಾಗ ಒಂದು ಪೊಟರೆ ಉಂಟಾಗುತ್ತದೆ; ಕ್ರಿಯೆ ನಡೆಯುವುದು ಅಲ್ಲೇ. ಒಂದು ಮಣಿ ಬದಲಾದರೆ, ಅದಕ್ಕೇ ಮ್ಯುಟೇಶನ್ ಅನ್ನುವುದು, ಪೊಟರೆಯ ಆಕಾರ ಬದಲಾಗಬಹುದು, ಹುಟ್ಟುವ ಅಣುವಿನ ಎಡ-ಬಲವೂ ಬದಲಾಗಬಹುದು. ಆದರೆ ಬದಲಿಸಬೇಕಾದ್ದು ಯಾವ ಮಣಿ? ಪ್ರತಿ ಜಾಗದಲ್ಲಿ 20 ಬಗೆಯ ಮಣಿ ಕೂರಬಹುದು. ಮೂರೇ ಜಾಗ ಹಿಡಿದರೂ 8,000 ಕಿಣ್ವಗಳಾದವು.

ಇಲ್ಲಿ ಕಂಪ್ಯೂಟರ್ ನೆರವಿಗೆ ಬಂತು. 1976ರಲ್ಲಿ ಏರಿಯೆ ವಾರ್ಶೆಲ್ ಮತ್ತು ಮೈಕಲ್ ಲೆವಿಟ್ ಲೈಸೊಜೈಮ್ ಎಂಬ ಕಿಣ್ವದ ಕ್ರಿಯೆಯನ್ನು ಲೆಕ್ಕ ಹಾಕಿದರು. ಕ್ರಿಯೆ ನಡೆಯುವಷ್ಟು ಜಾಗಕ್ಕೆ ಕ್ವಾಂಟಂ ಶಾಸ್ತ್ರದ ಕಷ್ಟದ ಲೆಕ್ಕ, ಉಳಿದದ್ದಕ್ಕೆ ಚೆಂಡು-ಸ್ಪ್ರಿಂಗಿನ ಸುಲಭ ಲೆಕ್ಕ. ಇವರಿಗೂ ಮಾರ್ಟಿನ್ ಕಾರ್ಪ್ಲಸ್ ಅವರಿಗೂ 2013ರಲ್ಲಿ ನೊಬೆಲ್ ಬಂತು. ಗುಡ್ಡ ದಾಟಲು ಎರಡು ದಾರಿ ಇದ್ದರೆ ಕಡಿಮೆ ಚಡಾವಿನ ದಾರಿಯನ್ನೇ ನಾವು ಹಿಡಿಯುತ್ತೇವೆ, ಅಲ್ವಾ? ಅಣುಗಳೂ ಹಾಗೆಯೇ. ಮಣಿ ಬದಲಿಸಿದರೆ ಎಡದ ಚಡಾವು ಎಷ್ಟು, ಬಲದ್ದು ಎಷ್ಟು ಅಂತ ಇಂಥ ಲೆಕ್ಕ ಹೇಳುತ್ತದೆ.

ಇನ್ನು ಗುಳಿಗೆಯ ವಿಷಯ. ಸಿಟಾಗ್ಲಿಪ್ಟಿನ್ ಎಂಬ ಶುಗರಿನ ಮದ್ದಿಗೆ 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲು ಅದನ್ನು ಮಾಡಲು ಹೆಚ್ಚು ಒತ್ತಡದ ಜಲಜನಕ, ರೋಡಿಯಂ ಎಂಬ ದುಬಾರಿ ಲೋಹ ಬೇಕಿತ್ತು. ತಪ್ಪು ಕೈಯ ಅಣುವೂ ಸ್ವಲ್ಪ ಬೆರೆಯುತ್ತಿತ್ತು. ಮರ್ಕ್ ಮತ್ತು ಕೊಡೆಕ್ಸಿಸ್ ಕಂಪನಿಗಳ ವಿಜ್ಞಾನಿಗಳು ಟ್ರಾನ್ಸಮಿನೇಸ್ ಎಂಬ ಕಿಣ್ವವನ್ನು ಎತ್ತಿಕೊಂಡರು. ಅದರ ಪೊಟರೆಯಲ್ಲಿ ದೊಡ್ಡದೊಂದು, ಚಿಕ್ಕದೊಂದು ಕೋಣೆ; ಈ ಅಣುವಿಗೆ ಒಳಗೆ ಜಾಗವೇ ಇಲ್ಲ. ಎಲ್ಲಿ ತಡೆಯುತ್ತದೆ ಎಂದು ಕಂಪ್ಯೂಟರ್ ಮಾದರಿ ತೋರಿಸಿತು. ಮೊದಲು ದೊಡ್ಡ ಕೋಣೆ, ಆಮೇಲೆ ಚಿಕ್ಕದನ್ನು ಅಗಲ ಮಾಡಿದರು. 2010ರಲ್ಲಿ ಪ್ರಕಟವಾದ ಕಿಣ್ವದಲ್ಲಿ 27 ಮಣಿಗಳು ಬದಲಾಗಿದ್ದವು. ತಪ್ಪು ಕೈಯ ಅಣು ಹತ್ತು ಸಾವಿರಕ್ಕೆ ಮೂರೂ ಇರಲಿಲ್ಲ. ಲೋಹ ಬೇಡವಾಯಿತು, ತ್ಯಾಜ್ಯ 19% ಇಳಿಯಿತು.

ಹಾಗಂತ ಎಲ್ಲವನ್ನೂ ಕಂಪ್ಯೂಟರೇ ಮಾಡಿತು ಎನ್ನುವಂತಿಲ್ಲ. ಅದು ಹುಡುಕಬೇಕಾದ ಜಾಗ ಹೇಳಿತು. ಆಮೇಲೆ ಪ್ರಯೋಗಶಾಲೆಯಲ್ಲಿ ಸುತ್ತಿನ ಮೇಲೆ ಸುತ್ತು ಬದಲಿಸಿ, ಪರೀಕ್ಷಿಸಿ, ಒಳ್ಳೆಯದನ್ನು ಆರಿಸಿದರು. ಬಿತ್ತನೆಗೆ ನಾವು ಒಳ್ಳೆಯ ತೆನೆ ಆರಿಸುವ ಕ್ರಮವೇ ಇದು. ಕಿಣ್ವಗಳಲ್ಲಿ ಈ ಕ್ರಮಕ್ಕೆ ದಾರಿ ಹಾಕಿದ ಫ್ರಾನ್ಸಿಸ್ ಅರ್ನಾಲ್ಡ್ ಎಂಬ ಮಹಿಳೆಗೆ 2018ರ ನೊಬೆಲ್ ಸಂದಿತು. ಶಾಲೆಯಲ್ಲಿ ಕಿಣ್ವದ ಪಾಠ ಮಾಡುವ ಮಾಸ್ಟ್ರು, ಟೀಚರುಗಳು ಒಂದು ಜೊತೆ ಚಪ್ಪಲಿ ತೋರಿಸಿ ಶುರು ಮಾಡಿದರೆ ಮಕ್ಕಳಿಗೆ ಬೇಗ ತಲೆಗೆ ಹೋದೀತು.