ಠಾಣೆಯ ರಿಜಿಸ್ಟರು, ಕಾಲೇಜಿನ ಪ್ರಶ್ನಾವಳಿ

ಬಳ್ಳಾರಿಯ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಪಠ್ಯಪುಸ್ತಕದಲ್ಲಿ ವ್ಯಕ್ತಿತ್ವದ ಅಧ್ಯಾಯ ಗ್ರೀಸಿನಿಂದ ಶುರುವಾಗುತ್ತದೆ. ಹಿಪೊಕ್ರೆಟಿಸ್, ಗ್ಯಾಲೆನ್, ದೇಹದೊಳಗಿನ ನಾಲ್ಕು ರಸ, ಅವಕ್ಕೆ ತಕ್ಕ ನಾಲ್ಕು ಸ್ವಭಾವ. ಮೇಷ್ಟ್ರಿಗೆ ಉತ್ಸಾಹವಿದ್ದರೆ ನಮ್ಮ ವಾತ-ಪಿತ್ತ-ಕಫ, ಸತ್ವ-ರಜ-ತಮಗಳೂ ಒಂದೇ ಉಸಿರಿನಲ್ಲಿ ಬಂದುಹೋಗುತ್ತವೆ. ಆಮೇಲೆ ಫ್ರಾಯ್ಡ್, ಯೂಂಗ್, ಆಲ್‌ಪೋರ್ಟ್, ಕ್ಯಾಟೆಲ್, ಐಸೆಂಕ್. ಪರೀಕ್ಷೆ ಪಾಸಾಗಲು ಅಷ್ಟು ಸಾಕು. ನಾನು ಮಾತ್ರ ಈ ಪಾಠವನ್ನು ಪೊಲೀಸ್ ಠಾಣೆಯಿಂದ ಶುರುಮಾಡುತ್ತಿದ್ದೆ. ಇಂಥವನ ಸ್ವಭಾವ ಇಂಥದ್ದು ಎಂದು ಬರೆದು ಕಡತಕ್ಕೆ ಸೇರಿಸುವ ಕೆಲಸ ನಮ್ಮ ಸೀಮೆಯಲ್ಲಿ ಕಾಲೇಜಿಗಿಂತ ಮೊದಲು ನಡೆದದ್ದು ಅಲ್ಲಿ.

ಬಳ್ಳಾರಿ 1800ರಲ್ಲಿ ನಿಜಾಮನಿಂದ ಕಂಪನಿಯ ಕೈಗೆ ಬಂತು, 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಜಾನ್ ಕೆಲ್ಸಾಲ್ 1872ರಲ್ಲಿ ಜಿಲ್ಲೆಯ ಮ್ಯಾನ್ಯುಯಲ್ ಬರೆದ, ಡಬ್ಲ್ಯು. ಫ್ರಾನ್ಸಿಸ್ 1904ರಲ್ಲಿ ಗೆಜೆಟಿಯರ್ ಬರೆದ. ಈ ಫ್ರಾನ್ಸಿಸನೇ 1901ರ ಮದ್ರಾಸ್ ಜನಗಣತಿಯ ಮೇಲ್ವಿಚಾರಕ. ಮಳೆ, ಬೆಳೆ, ಕಲ್ಲು, ಗುಡಿಗಳ ಬಗ್ಗೆ ಇವರು ಕೊಟ್ಟ ಮಾಹಿತಿಗೆ ನಾವು ಇಂದಿಗೂ ಋಣಿಗಳು. ಜನರ ವಿಷಯಕ್ಕೆ ಬಂದಾಗ ಮಾತ್ರ ಆ ಕಾಲದ ಅಧಿಕಾರಿಗಳ ರೂಢಿ ಬೇರೆ: ಜಾತಿಯ ಹೆಸರು, ಕಸುಬು, ಮದುವೆ-ಮಸಣದ ಪದ್ಧತಿ, ಕೊನೆಗೆ ಒಂದು ಗುಣ. ಇವರು ದುಡಿಯುವವರು, ಇವರು ಸೋಮಾರಿಗಳು, ಇವರು ಕಳ್ಳರು. ಒಬ್ಬೊಬ್ಬರನ್ನೇ ಮಾತಾಡಿಸುವ ಗೋಜೇ ಇಲ್ಲ. ಮದ್ರಾಸ್ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಪ್ರಾಂತ್ಯವನ್ನೆಲ್ಲ ಸುತ್ತಿ ತಲೆ, ಮೂಗುಗಳನ್ನು ಅಳೆದು, ಕೆ. ರಂಗಾಚಾರಿಯವರ ನೆರವಿನಿಂದ 1909ರಲ್ಲಿ ಏಳು ಸಂಪುಟ ತಂದ. ಪೊಲೀಸ್ ಅಧಿಕಾರಿಗಳಿಗೆ ಮೈ ಅಳೆಯುವ ವಿದ್ಯೆಯ ಪಾಠ ಹೇಳಿದವನೂ ಅವನೇ.

ಕೊರಚರನ್ನೇ ನೋಡಿ. ಮದ್ರಾಸ್ ಪ್ರಾಂತ್ಯದ ಕೊರಚ, ಕೊರವ ಗುಂಪುಗಳಲ್ಲಿ ಹಲವರು ಹೇರೆತ್ತಿನ ವ್ಯಾಪಾರಿಗಳು. ಕರಾವಳಿಯ ಉಪ್ಪನ್ನು ಎತ್ತಿನ ಬೆನ್ನಿಗೆ ಹೇರಿ ಒಳನಾಡಿಗೆ ತರುವುದು, ತಿರುಗಿ ಹೋಗುವಾಗ ಕಾಳುಕಡಿ ಒಯ್ಯುವುದು ಅವರ ಬದುಕು. ಮಳೆ ಬಿದ್ದರೆ ಗಾಡಿಯ ಗಾಲಿ ಹೂತುಹೋಗುವ ನಮ್ಮ ಎರೆನೆಲದಲ್ಲಿ ಎತ್ತಿಗೆ ಮಾತ್ರ ದಾರಿ. ಸರ್ಕಾರ ಉಪ್ಪಿನ ಮೇಲೆ ಹಿಡಿತ ಬಿಗಿ ಮಾಡಿತು, ಸುಂಕ ಏರಿಸಿತು. 1876-78ರಲ್ಲಿ ಧಾತು-ಈಶ್ವರ ಸಂವತ್ಸರಗಳ ಬರ ಬಂತು. ಅದರ ಹೊಡೆತ ಹೆಚ್ಚು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1880ರ ದಶಕದಲ್ಲಿ ಬಳ್ಳಾರಿಯಿಂದ ಹೊಸಪೇಟೆ ಹಾದು ಗದಗಿನ ಕಡೆಗೆ ರೈಲು ಓಡತೊಡಗಿತು. ಉಪ್ಪಿಗೆ ಎತ್ತು ಬೇಡವಾಯಿತು. ಎತ್ತು ಹೋಯಿತು, ದಾರಿ ಉಳಿಯಿತು. ಕಸುಬಿಲ್ಲದೆ ಊರೂರು ತಿರುಗುವವನನ್ನು ಕಂಡರೆ ಸರ್ಕಾರಕ್ಕೆ ಗುಮಾನಿ. ಮೀನಾ ರಾಧಾಕೃಷ್ಣ 2001ರ ತಮ್ಮ ಪುಸ್ತಕದಲ್ಲಿ ಈ ಸರಣಿಯನ್ನು ದಾಖಲೆ ಸಮೇತ ಬಿಡಿಸಿಟ್ಟಿದ್ದಾರೆ. ವ್ಯಾಪಾರ ಮುರಿದದ್ದರ ಫಲವನ್ನು ಸರ್ಕಾರ ರಕ್ತದ ಗುಣವೆಂದು ಓದಿತು.

ಹಾಗೆ ಓದಲು ಕಾನೂನೂ ಸಿದ್ಧವಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮೊದಲು ಉತ್ತರ ಭಾರತಕ್ಕಷ್ಟೇ ಇದ್ದದ್ದು. 1911ರ ಕಾಯ್ದೆಯ ಮೂಲಕ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಒಂದು ಪಂಗಡವನ್ನು ಸರ್ಕಾರ ಪಟ್ಟಿಗೆ ಸೇರಿಸಿದರೆ ಅದರ ಜನರ ಹೆಸರು ರಿಜಿಸ್ಟರಿಗೆ ಏರುತ್ತಿತ್ತು, ಬೆರಳಚ್ಚು ತೆಗೆದುಕೊಳ್ಳುತ್ತಿದ್ದರು. ಗೊತ್ತುಮಾಡಿದ ಹೊತ್ತಿಗೆ ಹಾಜರಿ ಕೊಡಬೇಕು, ಊರು ಬಿಡುವುದಾದರೆ ತಿಳಿಸಬೇಕು. ವಸಾಹತುಗಳಲ್ಲಿ ಇಟ್ಟವರ ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಲೂ ಅವಕಾಶವಿತ್ತು. ಮದ್ರಾಸ್ ಪ್ರಾಂತ್ಯದ ಹೆಸರಾಂತ ವಸಾಹತು ಸ್ಟೂವರ್ಟ್‌ಪುರಂ, ಸಾಲ್ವೇಶನ್ ಆರ್ಮಿ ನಡೆಸುತ್ತಿದ್ದದ್ದು, ಈಗ ಆಂಧ್ರದಲ್ಲಿದೆ. ಕಳವು ಮಾಡಿದ್ದಕ್ಕೆ ಶಿಕ್ಷೆಯಾದರೆ ಒಪ್ಪಬಹುದು. ಇಲ್ಲಿ ಹುಟ್ಟಿದ್ದಕ್ಕೇ ಹಾಜರಿ.

ತರಗತಿಯಲ್ಲಿ ಈ ಮಾತು ಬಂದಾಗ ನಾನು ಫ್ರಾನ್ಸಿಸ್ ಗಾಲ್ಟನ್ನನ ಹೆಸರು ಎತ್ತುತ್ತಿದ್ದೆ. 1884ರಲ್ಲಿ ಅವನು ಸ್ವಭಾವವನ್ನು ಅಳೆಯಬಹುದೆಂದು ವಾದಿಸಿ ಒಂದು ಲೇಖನ ಬರೆದ. ನಿಘಂಟು ತಿರುವಿ, ಮನುಷ್ಯನ ಗುಣ ಹೇಳುವ ಇಂಗ್ಲಿಷ್ ಪದಗಳು ಸಾವಿರದಷ್ಟಿವೆ ಎಂದು ಅಂದಾಜು ಮಾಡಿದ. ಅದೇ ಜಾಡು ಹಿಡಿದು ಆಲ್‌ಪೋರ್ಟ್ ಮತ್ತು ಓಡ್ಬರ್ಟ್ 1936ರಲ್ಲಿ ಹದಿನೆಂಟು ಸಾವಿರದ ಹತ್ತಿರ ಪದ ಹೆಕ್ಕಿದರು. ಕ್ಯಾಟೆಲ್ ಅವನ್ನು ಅಂಕಿಸಂಖ್ಯೆಯ ಜರಡಿಯಲ್ಲಿ ಹಿಡಿದು 16 ಅಂಶಗಳಿಗೆ ಇಳಿಸಿ 1949ರಲ್ಲಿ ಪ್ರಶ್ನಾವಳಿ ಮಾಡಿದ. ಇಂದು ಎಲ್ಲರ ಬಾಯಲ್ಲಿರುವ ಐದು ಗುಣಗಳ ಸಿದ್ಧಾಂತವೂ ಆ ವಂಶದ್ದೇ. ಇದೇ ಗಾಲ್ಟನ್ 1892ರಲ್ಲಿ ಬೆರಳಚ್ಚಿನ ಮೇಲೆ ಪುಸ್ತಕ ಬರೆದವನು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಕಾಲೇಜಿನ ಪ್ರಶ್ನಾವಳಿ, ಠಾಣೆಯ ಹೆಬ್ಬೆಟ್ಟು ಎರಡರ ಹಿಂದೆಯೂ ಅವನೇ ಇದ್ದಾನೆ ಎಂದರೆ ಹುಡುಗರು ನಂಬುತ್ತಿರಲಿಲ್ಲ.

ಇನ್ನೊಂದು ಹೋಲಿಕೆ ನನ್ನನ್ನು ಹೆಚ್ಚು ಕಾಡಿದೆ. ಅಮೆರಿಕದಲ್ಲಿ ಹಾರ್ಟ್‌ಶೋರ್ನ್ ಮತ್ತು ಮೇ ಎಂಬಿಬ್ಬರು ಸಾವಿರಾರು ಶಾಲಾಮಕ್ಕಳ ಪ್ರಾಮಾಣಿಕತೆಯನ್ನು ಪರೀಕ್ಷಿಸಿ 1928ರಲ್ಲಿ ಫಲಿತಾಂಶ ಪ್ರಕಟಿಸಿದರು. ಉತ್ತರ ತಿದ್ದುವ ಅವಕಾಶ, ಹಣ ಎತ್ತಿಕೊಳ್ಳುವ ಅವಕಾಶ, ಆಟದಲ್ಲಿ ಮೋಸ ಮಾಡುವ ಅವಕಾಶ, ಹೀಗೆ ಬೇರೆ ಬೇರೆ ಸಂದರ್ಭ ಒಡ್ಡಿ ನೋಡಿದರು. ಲೆಕ್ಕದಲ್ಲಿ ಮೋಸ ಮಾಡಿದ ಮಗು ಆಟದಲ್ಲೂ ಮಾಡಬೇಕೆಂದೇನಿರಲಿಲ್ಲ. ಪ್ರಾಮಾಣಿಕತೆ ಮಗುವಿಗೆ ಅಂಟಿಕೊಂಡ ಗುಣ ಎನ್ನುವುದಕ್ಕಿಂತ ಸಂದರ್ಭ ಹೊರಡಿಸುವ ನಡತೆ ಎನ್ನುವುದೇ ಸರಿ ಎಂದು ಅವರು ಕಂಡುಕೊಂಡರು. ಅದೇ 1928ರಲ್ಲಿ ಮದ್ರಾಸ್ ಪ್ರಾಂತ್ಯದ ಕಾನೂನು ಇಡೀ ಪಂಗಡಗಳನ್ನು ಹುಟ್ಟುಗಳ್ಳರೆಂದು ನಡೆಸಿಕೊಳ್ಳುತ್ತಿತ್ತು. ಕನ್ನಡ ನಾಡಿನಲ್ಲಿ ಮನಶ್ಶಾಸ್ತ್ರವೇ ಇರಲಿಲ್ಲ ಎನ್ನುವಂತೆಯೂ ಇಲ್ಲ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲೇ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದ್ದರು.  ಆದರೆ ಅದು ಮಹಾರಾಜರ ಮೈಸೂರು. ಬಳ್ಳಾರಿಗೆ ಅದು ಪರರಾಜ್ಯ.

ಸಿರುಗುಪ್ಪದ ನಮ್ಮ ಅಜ್ಜಿಯ ಮನೆಗೆ ಸುಗ್ಗಿ ಮುಗಿದ ಮೇಲೆ ಕಣಿ ಹೇಳುವ ಕೊರವಂಜಿ ಬರುತ್ತಿದ್ದಳು. ಕಂಕುಳಲ್ಲಿ ಬುಟ್ಟಿ, ಕೈಯಲ್ಲೊಂದು ಕೋಲು. ಅಜ್ಜಿ ಮೊರದಲ್ಲಿ ನೆಲ್ಲು ತಂದು ಕೂತರೆ, ಅವಳು ಅಜ್ಜಿಯ ಅಂಗೈ ಹಿಡಿದು, “ಅವ್ವಾ, ನಿನ್ನ ಬಾಯಿ ಜೋರು, ಮನಸು ಬೆಣ್ಣಿ. ಕೊಟ್ಟಿದ್ದು ಮರೀತಿ, ಅಂದಿದ್ದು ಮರಿಯಂಗಿಲ್ಲ” ಅನ್ನುತ್ತಿದ್ದಳು. ಯಾರಿಗೆ ಹೇಳಿದರೂ ಒಪ್ಪುವ ಮಾತು! 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕನ್ ಮನಶ್ಶಾಸ್ತ್ರಜ್ಞ ತನ್ನ ವಿದ್ಯಾರ್ಥಿಗಳಿಗೆಲ್ಲ ಒಂದೇ ವ್ಯಕ್ತಿತ್ವ ವರದಿ ಹಂಚಿ, ಬಹುತೇಕ ಎಲ್ಲರೂ ಅದು ತಮ್ಮದೇ ಎಂದು ಮೆಚ್ಚಿದ್ದನ್ನು ತೋರಿಸಿದ. ಕೊರವಂಜಿಗೆ ಆ ಪ್ರಯೋಗ ಬೇಕಿರಲಿಲ್ಲ. ಅವಳು ಮೊದಲು ಅಂಗಳ ನೋಡುತ್ತಿದ್ದಳು, ಸೊಸೆ ಎಲ್ಲಿ ನಿಂತಿದ್ದಾಳೆ ನೋಡುತ್ತಿದ್ದಳು, ಆಮೇಲೆ ಕೈ. ಹೆಂಗಸರ ಮನಸ್ಸು ಅರಿತು ಅವರ ಗುಣ ಹೇಳಿ ಹೊಟ್ಟೆ ಹೊರೆದವಳ ಕೊರವ ಕುಲಕ್ಕೇ ಸರ್ಕಾರ ಒಂದೇ ಗುಣ ಬರೆದಿಟ್ಟಿತ್ತು. ಮನಶ್ಶಾಸ್ತ್ರವನ್ನು ಕನ್ನಡದ ಸಾಮಾನ್ಯ ಓದುಗರಿಗೆ ತಲುಪಿಸಿದ ವೈದ್ಯ ಡಾ. ಎಂ. ಶಿವರಾಂ, ನಮ್ಮೆಲ್ಲರ ‘ರಾಶಿ’, 1942ರಲ್ಲಿ ತಮ್ಮ ಹಾಸ್ಯಪತ್ರಿಕೆಗೆ ‘ಕೊರವಂಜಿ’ ಎಂದೇ ಹೆಸರಿಟ್ಟರು. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಕೊರವಂಜಿಯ ಕಣಿಗೆ ಬದಲು ಕಾಲೇಜಿನಲ್ಲಿ ಬಂದದ್ದು ಪ್ರಶ್ನಾವಳಿ. ಅಮೆರಿಕದ ಮಿನೆಸೋಟಾ ಪರೀಕ್ಷೆ 1943ರದು, 550 ಹೇಳಿಕೆಗಳು, ಹೌದು ಅಥವಾ ಇಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಶುರುವಾದ ಸಂಸ್ಥೆ, ಇಂದಿನ ನಿಮ್ಹಾನ್ಸ್, ಅಲ್ಲಿ ಎಚ್.ಎನ್. ಮೂರ್ತಿಯವರು 1960ರ ದಶಕದಲ್ಲಿ ಅದೇ ಬಗೆಯ, ನಮ್ಮ ರೋಗಿಗಳಿಗೆ ಹೊಂದುವ ಚಿಕ್ಕ ಪ್ರಶ್ನಾವಳಿ ರೂಪಿಸಿದರು. ನಮ್ಮ ಕಾಲೇಜಿನ ಪ್ರಾಯೋಗಿಕ ತರಗತಿಗೆ ಐಸೆಂಕನ ಪ್ರಶ್ನಾವಳಿ. ಅದರಲ್ಲಿ ಸುಳ್ಳು ಹಿಡಿಯುವ ಪ್ರಶ್ನೆಗಳೂ ಇವೆ. ಎಂದೂ ಸುಳ್ಳು ಹೇಳಿಲ್ಲ, ಯಾರ ಮೇಲೂ ಚಾಡಿ ಹೇಳಿಲ್ಲ ಎಂದು ಗುರುತು ಹಾಕಿದರೆ ಅಂಕ ಏರುತ್ತದೆ, ಉತ್ತರ ನಂಬಬೇಡಿ ಎಂದು ಕೈಪಿಡಿ ಹೇಳುತ್ತದೆ. ಹಳ್ಳಿಯಿಂದ ಬರುವ ಹೆಣ್ಣುಮಕ್ಕಳ ಅಂಕ ಅಲ್ಲಿ ಮೇಲೇ ಇರುತ್ತಿತ್ತು. ಮೇಡಂ ಓದುವ ಕಾಗದದಲ್ಲಿ ಚಾಡಿ ಹೇಳಿದ್ದೇನೆಂದು ಯಾವ ಹುಡುಗಿ ಬರೆದಾಳು?

ಕುರುಗೋಡಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ಪೆನ್ಸಿಲ್ ಕೆಳಗಿಟ್ಟು ಕೇಳಿದಳು: “ಬಾಳ ಮಾತಾಡ್ತೀರಾ ಅಂತ ಕೇಳ್ಯಾರ ಮೇಡಂ. ಎಲ್ಲಿ? ಮನ್ಯಾಗ ಅಪ್ಪನ ಮುಂದ ಬಾಯಿ ಬಿಡಂಗಿಲ್ಲ. ಬಸ್ಸಿನ್ಯಾಗ ನನ್ನ ಬಾಯಿ ಮುಚ್ಚಂಗಿಲ್ಲ. ಯಾವುದು ಬರೀಲಿ?” ವಾಲ್ಟರ್ ಮಿಷೆಲ್ 1968ರಲ್ಲಿ ಒಂದು ಪುಸ್ತಕ ಬರೆದು ವ್ಯಕ್ತಿತ್ವ ಸಿದ್ಧಾಂತಿಗಳ ನಿದ್ದೆ ಕೆಡಿಸಿದ್ದು ಇದೇ ಪ್ರಶ್ನೆಯಿಂದ. ಪ್ರಶ್ನಾವಳಿಯ ಅಂಕಕ್ಕೂ ಒಂದು ನಿರ್ದಿಷ್ಟ ಸಂದರ್ಭದ ನಡತೆಗೂ ಇರುವ ನಂಟು ಬಹಳ ತೆಳು, ಸಹಸಂಬಂಧ ಸುಮಾರು 0.30ರ ಆಚೆ ಹೋಗುವುದು ಅಪರೂಪ ಎಂದು ಅವನು ತೋರಿಸಿದ. ಮುಂದೆ ಇದಕ್ಕೆ ಉತ್ತರವೂ ಬಂತು: ಒಂದು ದಿನದ ನಡತೆ ಬಿಟ್ಟು ಹಲವು ದಿನ, ಹಲವು ಸಂದರ್ಭಗಳ ಸರಾಸರಿ ತೆಗೆದರೆ ಗುಣಗಳು ಸ್ಥಿರವಾಗಿಯೇ ಕಾಣುತ್ತವೆ. ನಾನು ಆ ಉತ್ತರವನ್ನು ಒಪ್ಪುತ್ತೇನೆ. ವ್ಯಕ್ತಿತ್ವ ಎಂಬುದು ಇದೆ, ಅಳೆಯಲೂಬಹುದು. ಆದರೆ ಒಬ್ಬಳನ್ನು ಹಲವು ಸಲ, ಹಲವು ಕಡೆ ನೋಡಿದ ಮೇಲೆ. ಗುಂಪನ್ನು ಒಮ್ಮೆ ನೋಡಿ ಬರೆದದ್ದು ಅಳತೆಯೇ ಅಲ್ಲ.

ಮದ್ರಾಸ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು 1947ರಲ್ಲಿ ರದ್ದುಮಾಡಿತು. ಬಳ್ಳಾರಿ ಆಗ ಮದ್ರಾಸಿನಲ್ಲೇ ಇದ್ದುದರಿಂದ ಇಲ್ಲಿಯವರ ಬಿಡುಗಡೆ ದೇಶದ ಬಿಡುಗಡೆಗಿಂತ, ಅಂದರೆ 1952ರ ಆಗಸ್ಟ್ 31ಕ್ಕಿಂತ, ಐದು ವರ್ಷ ಮುಂಚೆ. 1947ರ ರದ್ದತಿಯ ಮರುವರ್ಷವೇ ಮದ್ರಾಸಿನಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆ ಬಂತು. ಹೊಸ ಕಾನೂನು ಪಂಗಡ ಬಿಟ್ಟು ವ್ಯಕ್ತಿಯನ್ನು ಹಿಡಿದದ್ದು ಸುಧಾರಣೆಯೇ. ಆದರೆ ಠಾಣೆಯ ಕಣ್ಣು ಹಳೆಯ ಕೇರಿಗಳ ಮೇಲೇ ಬಿತ್ತು. ಕರ್ನಾಟಕವೂ 1961ರಲ್ಲಿ ಅಂಥದೇ ಕಾಯ್ದೆ ಮಾಡಿಕೊಂಡಿತು. ಕೊರಚ, ಕೊರವ (ಕೊರಮ) ಪಂಗಡಗಳವರು ಇಂದು ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ.

2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್, ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ್ದ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ, ಹಳೆಯ ಕಾಯ್ದೆಯ ಪಟ್ಟಿಯಿಂದ ಬಿಡುಗಡೆಯಾದ ‘ವಿಮುಕ್ತ’ ಬುಡಕಟ್ಟುಗಳ ಜನರನ್ನು ರೂಢಿಗತ ಅಪರಾಧಿಗಳ ಸಾಲಿಗೆ ಸೇರಿಸುವ ನಿಯಮಗಳು ಸಂವಿಧಾನಕ್ಕೆ ವಿರುದ್ಧ ಎಂದಿತು. ದೇಶದ ಎಲ್ಲ ಜೈಲುಗಳ ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯಬೇಕೆಂದು ಆದೇಶಿಸಿತು. ಬಳ್ಳಾರಿಯ ಕೇಂದ್ರ ಕಾರಾಗೃಹಕ್ಕೂ ಆ ಆದೇಶ ಅನ್ವಯಿಸುತ್ತದೆ.