ದಿಯು ದ್ವೀಪ: ಮೂರು ಇಗರ್ಜಿಗಳ ಊರು

ಗುಜರಾತಿನ ಸೌರಾಷ್ಟ್ರ ತೀರದ ದಕ್ಷಿಣ ಅಂಚಿನಲ್ಲಿ, ಕಿರಿದಾದ ಕಡಲ ಕಾಲುವೆಯೊಂದರ ಆಚೆ ಇರುವ ಪುಟ್ಟ ದ್ವೀಪ ದಿಯು. ಗಿರ್, ಸೋಮನಾಥ ಪ್ರವಾಸಕ್ಕೆ ಹೋಗುವವರು ಇಲ್ಲಿಗೆ ಬಂದರೂ ಕೋಟೆ ನೋಡಿ, ನಾಗೋವಾ ಕಡಲತೀರದಲ್ಲಿ ಕಾಲು ನೆನೆಸಿ ಸಂಜೆಯೊಳಗೆ ಹಿಂದಿರುಗುವುದೇ ಹೆಚ್ಚು. ಧರ್ಮಕೇಂದ್ರದ ತಂಡಗಳು ಇಲ್ಲಿ ಒಂದು ಭಾನುವಾರವನ್ನಾದರೂ ಕಳೆಯಬೇಕು ಎಂಬುದು ನಮ್ಮ ಅಭಿಪ್ರಾಯ.

1509ರಲ್ಲಿ ಪೋರ್ಚುಗೀಸರು ಈಜಿಪ್ಟಿನ ಮಾಮ್ಲೂಕರ ಹಾಗೂ ಅವರ ಮಿತ್ರರ ನೌಕಾಪಡೆಯನ್ನು ಸೋಲಿಸಿದ್ದು ಈ ಕಡಲಿನಲ್ಲಿಯೇ. ಮೊಘಲ್ ದೊರೆ ಹುಮಾಯೂನನ ದಾಳಿಗೆ ಸಿಲುಕಿದ ಗುಜರಾತಿನ ಸುಲ್ತಾನ ಬಹಾದೂರ್ ಷಾ ನೆರವಿನ ಆಸೆಯಿಂದ 1535ರಲ್ಲಿ ಕೋಟೆ ಕಟ್ಟಲು ಅವರಿಗೆ ಅನುಮತಿ ಕೊಟ್ಟ. ಎರಡೇ ವರ್ಷಗಳಲ್ಲಿ, ಅದೇ ಪೋರ್ಚುಗೀಸರೊಂದಿಗಿನ ಘರ್ಷಣೆಯಲ್ಲಿ, ದಿಯುವಿನ ನೀರಿನಲ್ಲೇ ಸತ್ತ. 1538 ಮತ್ತು 1546ರ ಮುತ್ತಿಗೆಗಳನ್ನು ತಾಳಿಕೊಂಡ ಕೋಟೆ ಮುಂದೆ 1961ರ ಡಿಸೆಂಬರಿನವರೆಗೂ ಅವರ ಕೈಯಲ್ಲಿತ್ತು.

ಆದರೆ ನಾವು ಓದುಗರನ್ನು ಕರೆದೊಯ್ಯಬಯಸುವುದು ಇಗರ್ಜಿಗಳತ್ತ. ಊರೊಳಗೆ ಒಂದಕ್ಕೊಂದು ನಡೆದುಹೋಗುವಷ್ಟು ಹತ್ತಿರದಲ್ಲಿ ಮೂರು ಹಳೆಯ ಕಟ್ಟಡಗಳಿವೆ. 1593ರ ಸಂತ ಅಸಿಸಿಯ ಫ್ರಾನ್ಸಿಸರ ಇಗರ್ಜಿ ಮುಂದೆ ಆಸ್ಪತ್ರೆಯಾಯಿತು. 1598ರ ಸಂತ ತೋಮರ ಇಗರ್ಜಿ ವಸ್ತುಸಂಗ್ರಹಾಲಯವಾಗಿದೆ. ಒಂದು ಕಾಲದಲ್ಲಿ ಭಕ್ತರು ಮೊಣಕಾಲೂರಿದ್ದ ಸಂತರ ಮರದ ಪ್ರತಿಮೆಗಳು ಅಲ್ಲಿ ಪ್ರದರ್ಶನದ ವಸ್ತುಗಳಾಗಿ ನಿಂತಿವೆ. ನಿತ್ಯ ಆರಾಧನೆಗೆ ಉಳಿದದ್ದು ಜೆಸ್ವಿಟರು 17ನೇ ಶತಮಾನದ ಆರಂಭದಲ್ಲಿ ಕಟ್ಟಿದ ಸಂತ ಪೌಲರ ಇಗರ್ಜಿ. ಇದರ ಮುಖಭಾಗದ ಕೆತ್ತನೆಯನ್ನು ಬಿಸಿಲು ಇಳಿದ ಮೇಲೆ ನಿಧಾನವಾಗಿ ನೋಡಬೇಕು. ಒಳಗಿನ ಮರದ ಕುಸುರಿ ಹಳೆಯ ಗೋವಾವನ್ನು ನೆನಪಿಸುತ್ತದೆ. ನೆನಪಿಸುವುದು ಸಹಜವೇ: ದಿಯು ಇಂದಿಗೂ ಗೋವಾ ಮತ್ತು ದಮನ್ ಮಹಾಧರ್ಮಪ್ರಾಂತ್ಯಕ್ಕೆ ಸೇರಿದೆ. ಸೇತುವೆ ದಾಟಿ ಉನಾ ಕಡೆಗೆ ಹೋದರೆ ರಾಜಕೋಟ್ ಧರ್ಮಪ್ರಾಂತ್ಯ, ಅದು ಸೀರೋ-ಮಲಬಾರ್ ವಿಧಿಯದ್ದು!

ಇಷ್ಟು ದೊಡ್ಡ ದೇವಾಲಯಕ್ಕೆ ಇಂದು ಇರುವುದು ಸಣ್ಣ ಕ್ರೈಸ್ತ ಸಮುದಾಯ. ದಿಯುವಿನಿಂದ ಮೊಜಾಂಬಿಕ್, ಪೋರ್ಚುಗಲ್, ಇಂಗ್ಲೆಂಡುಗಳಿಗೆ ತಲೆಮಾರುಗಳಿಂದ ಜನ ವಲಸೆ ಹೋಗಿದ್ದಾರೆ. ಮುಂಬಯಿಗೂ ಗಲ್ಫಿಗೂ ಮಕ್ಕಳನ್ನು ಕಳುಹಿಸಿ ದೊಡ್ಡ ಮನೆಗಳಿಗೆ ಬೀಗ ಹಾಕಿಕೊಂಡ ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊರಗಿನಿಂದ ಬಂದ ಇಪ್ಪತ್ತು ಮಂದಿ ಬಲಿಪೂಜೆಗೆ ಕುಳಿತರೂ ಅಲ್ಲಿ ಅದು ಗಮನಕ್ಕೆ ಬರುತ್ತದೆ. ಸಮಯ, ಭಾಷೆಗಳನ್ನು ಮುಂಚಿತವಾಗಿ ಧರ್ಮಗುರುಗಳಲ್ಲಿ ವಿಚಾರಿಸಿಕೊಳ್ಳುವುದು ಒಳಿತು.

ಈ ಕಟ್ಟಡಗಳ ಕಲ್ಲು ಎಲ್ಲಿಂದ ಬಂತು ಎನ್ನುವವರು ಊರ ಗೋಡೆಯ ಹೊರಗಿನ ನೈದಾ ಗುಹೆಗಳಿಗೆ ಹೋಗಬೇಕು. ಪೋರ್ಚುಗೀಸರ ಕಾಲದಲ್ಲಿ ಕಲ್ಲು ಕಡಿದು ತೆಗೆದಲ್ಲಿ ಉಳಿದ ಟೊಳ್ಳುಗಳಿವು. ಮೇಲಿನ ಕಿಂಡಿಗಳಿಂದ ಬೆಳಕು ಬೀಳುತ್ತದೆ. ಫುದಮ್ ಗ್ರಾಮದ ಗಂಗೇಶ್ವರದಲ್ಲಿ ಬಂಡೆಗಳ ನಡುವಿನ ಐದು ಶಿವಲಿಂಗಗಳನ್ನು ಭರತದ ಅಲೆಗಳು ತೊಳೆಯುತ್ತವೆ. ಮೀನುಗಾರಿಕೆ ನೋಡಬಯಸುವವರಿಗೆ ಪಶ್ಚಿಮದ ತುದಿಯಲ್ಲಿ ವನಕ್‌ಬಾರಾ ಇದೆ. 1971ರ ಡಿಸೆಂಬರ್ 9ರಂದು ದಿಯುವಿನಾಚೆ ಮುಳುಗಿದ ಐಎನ್‌ಎಸ್ ಖುಕ್ರಿಯ ಸ್ಮಾರಕದ ಬಳಿ ಒಂದು ಕ್ಷಣ ಪ್ರಾರ್ಥಿಸಿರಿ. 18 ಅಧಿಕಾರಿಗಳು, 176 ನಾವಿಕರು ಅಂದು ಪ್ರಾಣ ತೆತ್ತರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ.

ಗಿರ್ ಕಾಡಿನ ಅಂಚಿನ ಜಂಬೂರಿನಲ್ಲಿ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ. ಹಳಿಯಾಳ, ಯಲ್ಲಾಪುರಗಳ ಸಿದ್ದಿ ಕ್ರೈಸ್ತರನ್ನು ಬಲ್ಲ ಕಾರವಾರ ಧರ್ಮಪ್ರಾಂತ್ಯದವರಿಗೆ ಆ ಮುಖಗಳು ಪರಿಚಿತವೆನಿಸಬಹುದು. ಜಂಬೂರಿನವರು ಮಾತ್ರ ಹೆಚ್ಚಾಗಿ ಮುಸ್ಲಿಮರು.

ಕೊಂಕಣ ರೈಲು ಮಾರ್ಗವಾಗಿ ಸಾಗುವ ತಿರುವನಂತಪುರ–ವೆರಾವಲ್ ರೈಲು ವಾರಕ್ಕೊಮ್ಮೆ ನಮ್ಮ ಕರಾವಳಿಯನ್ನು ಹಾದುಹೋಗುತ್ತದೆ. ವೆರಾವಲ್‌ನಿಂದ ದಿಯುವಿಗೆ ರಸ್ತೆಯಲ್ಲಿ ಸುಮಾರು 90 ಕಿ.ಮೀ.; ಸೋಮನಾಥ ದಾರಿಯಲ್ಲೇ ಸಿಗುತ್ತದೆ. ಗುಜರಾತಿನಲ್ಲಿ ಪಾನನಿಷೇಧವಿದೆ, ದಿಯುವಿನಲ್ಲಿಲ್ಲ. ಹಾಗಾಗಿ ರಜಾದಿನಗಳಲ್ಲಿ ಅಲ್ಲಿಗೆ ಬರುವ ಗುಂಪುಗಳ ಉದ್ದೇಶವೇ ಬೇರೆ. ಕುಟುಂಬದೊಂದಿಗೆ ಹೋಗುವವರು ದೀಪಾವಳಿ, ಹೊಸವರ್ಷದ ವಾರಗಳನ್ನು ಬಿಟ್ಟು, ನವೆಂಬರಿನಿಂದ ಫೆಬ್ರವರಿಯೊಳಗೆ ದಿನ ಗೊತ್ತುಮಾಡಿಕೊಳ್ಳಿರಿ.